ಹನ್ನೆರಡು ಹೆಸರು

ರಾಯಚೂರಿನ ಟ್ರೋಫಿ ಅಂಗಡಿಯೊಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಅಂಟಿನ ವಾಸನೆ, ಆಮೇಲೆ ಕಿವಿಗೆ ಬೀಳುವುದು ಯಂತ್ರದ ಕಿರ್ರೆನ್ನುವ ಸದ್ದು. ಬಂಗಾರದ ಬಣ್ಣದ ಹಾಳೆಯ ಮೇಲೆ ಸಣ್ಣ ಅಲಗು ಓಡಾಡಿ ಅಕ್ಷರ ಕೊರೆಯುತ್ತದೆ. ಅಂಗಡಿಯ ಹುಡುಗ ಚಿಮಟದಿಂದ ಬೇಡದ ಚೂರುಗಳನ್ನು ಒಂದೊಂದಾಗಿ ಎತ್ತಿ, ಉಸಿರು ಬಿಗಿಹಿಡಿದು, ಒತ್ತಕ್ಷರ ಹರಿಯದಂತೆ ಫಲಕಕ್ಕೆ ಅಂಟಿಸುತ್ತಾನೆ. ಎದುರಿಗೆ ನಿಂತ ಪಿ.ಟಿ. ಮಾಸ್ತರರ ಕೈಯಲ್ಲಿ ಬೆವರಿಗೆ ಮೆತ್ತಗಾದ ಹೆಸರುಗಳ ಚೀಟಿ.

"ಹುಲಿಗೆಮ್ಮ ಅಂತ ಬರೀಬೇಕು ನೋಡಪಾ, ಹುಲಿಗಮ್ಮ ಅಲ್ಲ."

"ಆತ್ರಿ ಸರ್."

ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳ ನಡುವೆ, ದೇವದುರ್ಗದ ಕಡೆ ಹತ್ತಿ ಹೊಲದ ಎರೆಮಣ್ಣಿನ ಆಚೆ, ಸಂಜೆ ಸಾಲಿ ಬಿಟ್ಟ ಮೇಲೆ ಕಬಡ್ಡಿ ಅಂಕಣಕ್ಕೆ ಸುಣ್ಣದ ಗೆರೆ ಬೀಳುತ್ತದೆ. ಮೂವತ್ತು ಸೆಕೆಂಡಿನ ರೇಡಿಗೆ ಬಂದವಳ ಹಿಮ್ಮಡಿಗೆ ಮೂಲೆಯ ಹುಡುಗಿ ಧುಮುಕುತ್ತಾಳೆ. ಮೊಣಕಾಲ ಚರ್ಮ ಕಿತ್ತರೂ ಹಿಡಿತ ಬಿಡುವುದಿಲ್ಲ. ಅಂಕಣದೊಳಗೆ ಏಳು ಮಂದಿ, ಪಟ್ಟಿಯಲ್ಲಿ ಹನ್ನೆರಡು. ತಾಲ್ಲೂಕು ಗೆದ್ದು ಜಿಲ್ಲೆಗೆ ಬಂದರೆ ನಗರದ ಮಹಾತ್ಮ ಗಾಂಧಿ ಕ್ರೀಡಾಂಗಣದ ದೂಳು ಕಾಣುವ ಭಾಗ್ಯ. ಗೆದ್ದ ಕಪ್ಪು ಮಾತ್ರ ಹೆಡ್‌ಮಾಸ್ತರರ ಕಪಾಟಿನದು, ಅದರ ಮೇಲಿರುವುದು ಸಾಲಿಯ ಹೆಸರು. ಮಗು ಮನೆಗೆ ಒಯ್ದು ಗೋಡೆಯ ಮೊಳೆಗೆ ತೂಗುಹಾಕುವಂಥದ್ದು ಬೇರೆಯೇ ಬೇಕು.

ಹೆಸರು ಉಳಿಯುವ ಮಾತು ಬಂದರೆ, ರಾಯಚೂರಿನ ಕೋಟೆಯಲ್ಲಿ 1294ರ ಶಾಸನ ಹೊತ್ತ ದೊಡ್ಡ ಬಂಡೆಯಿದೆ. ಕೋಟೆ ಕಟ್ಟಿಸಿದವರ ಹೆಸರು ಅದರಲ್ಲಿ ಉಳಿದಿದೆ. ಆ ಬಂಡೆಯನ್ನು ಗಾಡಿಯ ಮೇಲೆ ಎಳೆದು ತಂದ ಕೋಣಗಳ ಸಾಲೂ ಕಲ್ಲಿನಲ್ಲಿ ಚಿತ್ರವಾಗಿದೆ. ಅದನ್ನು ಕಂಡಾಗಲೆಲ್ಲ ಗಾಡಿ ಹೊಡೆದವರು ಯಾರಿರಬಹುದು ಎಂದು ನನ್ನ ಮನಸ್ಸು ಕೇಳುತ್ತದೆ.

ಒಂದು ಹೆಸರಿಗಿರುವ ಬೆಲೆ ಆಟದಲ್ಲೂ ಕಂಡಿದೆ. 2025ರ ಜನವರಿಯಲ್ಲಿ ದೆಹಲಿಯ ಮೊದಲ ಖೋಖೋ ವಿಶ್ವಕಪ್ ಫೈನಲ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದರು. ಕಪ್ಪು ದೇಶದ್ದಾಯಿತು, ಪಂದ್ಯದ ಉತ್ತಮ ಆಟಗಾರ್ತಿಯ ಗೌರವ ಮಾತ್ರ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಅವರಿಗೇ ಸಂದಿತು. ಆ ಹೆಸರಿನ ಜೊತೆಗೆ ಕುರುಬೂರಿನ ಹೆಸರೂ ನಾಡಿನ ಕಿವಿಗೆ ಬಿತ್ತು.

ಅಂಗಡಿಯಲ್ಲಿ ಬೆಸ್ಟ್ ರೇಡರ್, ಬೆಸ್ಟ್ ಕ್ಯಾಚರ್, ಆಲ್‌ರೌಂಡರ್ ಫಲಕಗಳು ಒಣಗಿವೆ. ಹುಡುಗ ಕೊನೆಯದನ್ನು ಎತ್ತಿಕೊಂಡ.

"ಈಕಿಗೆ ಏನ್ ಬರೀಲ್ರಿ ಸರ್? ಆಡಿಲ್ಲ ಅಂತೀರಿ."

"ಪ್ರಾಕ್ಟೀಸ್ ಒಂದಿನಾನೂ ತಪ್ಪಿಸಿಲ್ಲ ಆಕಿ. ಅದನ್ನ ಬರಿ."