ಯುರೇನಿಯಂನೊಳಗೆ ಅದುಮಿಟ್ಟ ವಿದ್ಯುತ್ತು

ಯುರೇನಿಯಂ ಪರಮಾಣು ಒಡೆದರೆ ಶಕ್ತಿ ಬರುತ್ತದೆ, ಸರಿ. ಒಡೆಯುವ ಮುಂಚೆ ಆ ಶಕ್ತಿ ಯಾವ ರೂಪದಲ್ಲಿತ್ತು? ಕೈಗಾ ಅಣುವಿದ್ಯುತ್ ಸ್ಥಾವರದ ಬಗ್ಗೆ ಓದಿದ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ಇದು.

ಇಂಥ ಪ್ರಶ್ನೆಗೆ ಐನ್‌ಸ್ಟೈನರ ಸಮೀಕರಣವನ್ನು ಮುಂದಿಟ್ಟು, ದ್ರವ್ಯರಾಶಿ ಶಕ್ತಿಯಾಯಿತು ಎಂದು ಹೇಳಿ ಮುಗಿಸುವುದು ರೂಢಿ. ನನಗೆ ಆ ಉತ್ತರ ಒಪ್ಪಿಗೆಯಿಲ್ಲ. ಇದ್ದಿಲು ಉರಿದಾಗಲೂ ದ್ರವ್ಯರಾಶಿ ತುಸು ಕಡಿಮೆಯಾಗುತ್ತದೆ, ಅದು ಅಳತೆಗೆ ಸಿಗದಷ್ಟು ಅಲ್ಪ, ಅಷ್ಟೇ. ಎಷ್ಟು ಶಕ್ತಿ ಹೊರಬಂತು ಎಂಬುದನ್ನು ಆ ಸಮೀಕರಣ ಹೇಳುತ್ತದೆ. ಎಲ್ಲಿಂದ ಬಂತು ಎಂಬುದನ್ನು ಹೇಳುವುದಿಲ್ಲ. ಅದು ಬಂದದ್ದು ಹೈಸ್ಕೂಲಿನಲ್ಲೇ ಕಲಿತ ನಿಯಮದಿಂದ: ಸಜಾತಿ ಆವೇಶಗಳು ಒಂದನ್ನೊಂದು ತಳ್ಳುತ್ತವೆ. ನಾವು ಪರಮಾಣು ಶಕ್ತಿ ಎಂದು ಕರೆಯುವುದು ಬಹುಪಾಲು ವಿದ್ಯುತ್ ಶಕ್ತಿಯೇ.

ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಅಂಡಿಗೆಗೆ ಹತ್ತಿ ತುಂಬುವುದನ್ನು ನೆನಪಿಸಿಕೊಳ್ಳಿ. ಮೊದಲ ಹಿಡಿ ತಾನಾಗಿ ಒಳಗೆ ಬೀಳುತ್ತದೆ. ಅರ್ಧ ತುಂಬಿದ ಮೇಲೆ ಕೈಯಿಂದ ಒತ್ತಬೇಕು. ಕೊನೆಕೊನೆಗೆ ಒಳಗಿಳಿದು ಕಾಲಿಂದ ತುಳಿಯದೆ ಹಿಡಿಸುವುದಿಲ್ಲ. ಆವೇಶದ ಗೋಳವನ್ನು ಕಟ್ಟುವುದೂ ಹೀಗೆಯೇ. ಬಹು ದೂರದಿಂದ ಆವೇಶವನ್ನು ಚೂರುಚೂರಾಗಿ ತಂದು, ತೆಳುವಾದ ಪದರದ ಮೇಲೆ ಪದರ ಹೊದಿಸುತ್ತಾ ಹೋಗಬೇಕು. ಮೊದಲ ಚೂರನ್ನು ತಡೆಯುವವರಿಲ್ಲ. ಆಮೇಲಿನ ಪ್ರತಿ ಪದರವನ್ನೂ ಅದಾಗಲೇ ಕೂತಿರುವ ಆವೇಶವೆಲ್ಲ ಸೇರಿ ಹೊರಕ್ಕೆ ತಳ್ಳುತ್ತದೆ. ಅದನ್ನು ಎದುರಿಸಿ ನಾವು ಮಾಡಿದ ಕೆಲಸ ಎಲ್ಲೂ ಹೋಗುವುದಿಲ್ಲ, ಗೋಳದಲ್ಲೇ ಇರುತ್ತದೆ. ಅಂಡಿಗೆಯ ಹೊಲಿಗೆ ಬಿಚ್ಚಿದಾಗ ಹತ್ತಿ ಉಬ್ಬಿ ಹೊರಬರುವುದು ತುಳಿದ ಕಾಲುಗಳ ಕೆಲಸದಿಂದಲೇ ತಾನೆ?

ಕಟ್ಟಿದಷ್ಟು ಭಾಗದ ಆವೇಶ ತ್ರಿಜ್ಯದ ಘನದಂತೆ ಬೆಳೆಯುತ್ತದೆ. ಅದು ಒಡ್ಡುವ ವಿಭವ, ಅಂದರೆ ಆವೇಶ ಭಾಗಿಸು ತ್ರಿಜ್ಯ, ತ್ರಿಜ್ಯದ ವರ್ಗದಂತೆ. ಹೊಸ ಪದರದ ಆವೇಶವೂ ತ್ರಿಜ್ಯದ ವರ್ಗದಂತೆ. ಎರಡನ್ನೂ ಗುಣಿಸಿದರೆ ನಾಲ್ಕನೆಯ ಘಾತ, ಕೂಡುತ್ತಾ ಹೋದರೆ ಐದನೆಯದು. ಹೀಗೆ ಛೇದದಲ್ಲಿ 5 ಬಂದು ಕೂರುತ್ತದೆ. ಕೊನೆಯ ಉತ್ತರ: ಆವೇಶದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿ, ಕೂಲಂಬ್ ಸ್ಥಿರಾಂಕದಿಂದ ಗುಣಿಸಿದರೆ ಬರುವುದರ 3/5 ಪಾಲು. ಅಷ್ಟೇ ಆವೇಶವನ್ನು ಹೊರಮೈ ಮೇಲೆ ಮಾತ್ರ ಹರಡಿದ್ದರೆ 1/2 ಪಾಲು ಸಾಕಾಗುತ್ತಿತ್ತು. ಉಳಿದ 1/10 ಗೋಳದ ಒಳಗಿನ ವಿದ್ಯುತ್ ಕ್ಷೇತ್ರದ್ದು.

ನಿಸರ್ಗ ಯುರೇನಿಯಂ ಕಟ್ಟಿದ್ದು ಪದರ ಹೊದಿಸಿ ಅಲ್ಲ. ನ್ಯೂಟ್ರಾನ್ ತಾರೆಗಳು ಡಿಕ್ಕಿ ಹೊಡೆದಂಥ ಸಂದರ್ಭದಲ್ಲಿ ನ್ಯೂಕ್ಲಿಯಸ್‌ಗಳು ನ್ಯೂಟ್ರಾನ್‌ಗಳನ್ನು ಒಂದರ ಹಿಂದೊಂದು ನುಂಗುತ್ತವೆ. ಆವೇಶವಿಲ್ಲದ ಕಣಕ್ಕೆ ವಿಕರ್ಷಣೆಯ ತಡೆಯಿಲ್ಲ. ಒಳಹೊಕ್ಕ ಮೇಲೆ ಅವುಗಳಲ್ಲಿ ಕೆಲವು ಪ್ರೋಟಾನ್‌ಗಳಾಗಿ ಬದಲಾಗುತ್ತವೆ. ದಾರಿ ಯಾವುದಾದರೂ ಸ್ಥಿರವಿದ್ಯುತ್ ಶಕ್ತಿಯ ಮೊತ್ತ ಒಂದೇ. ಅದಕ್ಕೇ ನಮ್ಮ ಪದರದ ಲೆಕ್ಕ ಅಲ್ಲಿಗೂ ಸಲ್ಲುತ್ತದೆ.

ಈಗ ಅಂಕಿಗಳನ್ನು ಹಾಕೋಣ. ಯುರೇನಿಯಂನಲ್ಲಿ 92 ಪ್ರೋಟಾನ್‌ಗಳು, ಅಂದರೆ ಪರಸ್ಪರ ತಳ್ಳುವ 4186 ಜೋಡಿಗಳು. ನ್ಯೂಕ್ಲಿಯಸ್‌ನ ತ್ರಿಜ್ಯ ಸುಮಾರು 7.4 ಫೆಮ್ಟೊಮೀಟರ್. ಸೂತ್ರ ಕೊಡುವ ಉತ್ತರ ಸುಮಾರು 985 ಮೆಗಾ ಎಲೆಕ್ಟ್ರಾನ್‌ವೋಲ್ಟ್. ಆ ನ್ಯೂಕ್ಲಿಯಸ್ ಎರಡು ಸಮಭಾಗವಾದರೆ ಒಂದೊಂದರಲ್ಲೂ 310ರಷ್ಟು, ಕೂಡಿಸಿದರೆ 620. ಉಳಿದ 365 ಬಿಡುಗಡೆ. ಅಷ್ಟೂ ಕೈಗೆ ಸಿಗುವುದಿಲ್ಲ. ಒಂದು ಗೋಳ ಎರಡಾದಾಗ ಮೇಲ್ಮೈ ವಿಸ್ತೀರ್ಣ ಹೆಚ್ಚುತ್ತದೆ, ದ್ರವದ ಹನಿಯಂತೆ ನ್ಯೂಕ್ಲಿಯಸ್‌ಗೂ ಇರುವ ಮೇಲ್ಮೈ ಕರ್ಷಣವನ್ನು ಎದುರಿಸಿ ಆ ಹೊಸ ಮೇಲ್ಮೈ ಉಂಟುಮಾಡಲು ಸುಮಾರು 175 ಖರ್ಚು. ಉಳಿಯುವುದು 190ರ ಆಸುಪಾಸು. ಪ್ರಯೋಗಗಳಲ್ಲಿ ಅಳೆದದ್ದು ಸುಮಾರು 200! ಶಾಲೆಯ ಕೂಲಂಬ್ ನಿಯಮ ಇಷ್ಟು ಹತ್ತಿರಕ್ಕೆ ಕರೆದೊಯ್ಯುತ್ತದೆ ಎನ್ನುವುದು ನನಗೆ ಪ್ರತಿಸಲವೂ ರೋಮಾಂಚನ. ಒಂದು ಇಂಗಾಲದ ಪರಮಾಣು ಉರಿದಾಗ ಸಿಗುವುದು ಬರೀ 4 ಎಲೆಕ್ಟ್ರಾನ್‌ವೋಲ್ಟ್. ಇದು ಅದರ ಐದು ಕೋಟಿ ಪಟ್ಟು.

ಈ ಲೆಕ್ಕವನ್ನು ಮೊದಲು ಮಾಡಿದ್ದು ಯಾವ ಪ್ರಯೋಗಾಲಯದಲ್ಲೂ ಅಲ್ಲ, ಸ್ವೀಡನ್ನಿನ ಕುಂಗೆಲ್ವ್ ಊರಿನ ಹಿಮದಲ್ಲಿ. ಲೀಸ ಮೈಟ್ನರ್ ಯಹೂದಿ ಮೂಲದ ಆಸ್ಟ್ರಿಯನ್ ಭೌತವಿಜ್ಞಾನಿ. 1938ರ ಜುಲೈಯಲ್ಲಿ ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಸ್ವೀಡನ್ ಸೇರಿದ್ದರು. ಬರ್ಲಿನ್ನಿನಲ್ಲಿ ಅವರ ದೀರ್ಘಕಾಲದ ಸಹೋದ್ಯೋಗಿ ಆಟೊ ಹಾನ್, ಫ್ರಿಟ್ಸ್ ಸ್ಟ್ರಾಸ್‌ಮನ್ ಜೊತೆ ಯುರೇನಿಯಂಗೆ ನ್ಯೂಟ್ರಾನ್ ಹೊಡೆದಾಗ ಬೇರಿಯಂ ಸಿಕ್ಕಿತ್ತು. ಹೇಗೆಂದು ಹೊಳೆಯದೆ ಹಾನ್ ಮೈಟ್ನರ್‌ಗೆ ಪತ್ರ ಬರೆದರು. ಕ್ರಿಸ್‌ಮಸ್ ರಜೆಗೆ ಬಂದಿದ್ದ, ಮೈಟ್ನರ್ ಅವರ ಅಕ್ಕನ ಮಗ ಆಟೊ ಫ್ರಿಶ್ ಸ್ಕೀ ಕಟ್ಟಿಕೊಂಡು, ಚಿಕ್ಕಮ್ಮ ನಡೆದುಕೊಂಡು ಹೊರಟರು. ನ್ಯೂಕ್ಲಿಯಸ್ ದ್ರವದ ಹನಿಯಂತೆ ಎಂಬ ಮಾದರಿ ಆಗಲೇ ಬಳಕೆಯಲ್ಲಿತ್ತು. ಯುರೇನಿಯಂನಲ್ಲಿ ವಿದ್ಯುತ್ ವಿಕರ್ಷಣೆ ಆ ಹನಿಯ ಮೇಲ್ಮೈ ಕರ್ಷಣವನ್ನು ಬಹುಮಟ್ಟಿಗೆ ಅಳಿಸಿಹಾಕುತ್ತದೆ ಎಂದು ಇಬ್ಬರಿಗೂ ಹೊಳೆಯಿತು. ಮರದ ದಿಮ್ಮಿಯ ಮೇಲೆ ಕೂತು ಕಾಗದದ ಚೂರುಗಳಲ್ಲಿ ಗುಣಿಸಿದರು. ಎರಡು ತುಂಡುಗಳ ವಿಕರ್ಷಣೆಯಿಂದ 200 ಬಂತು. ಮೈಟ್ನರ್ ನ್ಯೂಕ್ಲಿಯಸ್‌ಗಳ ದ್ರವ್ಯರಾಶಿಯ ಸೂತ್ರವನ್ನು ನೆನಪಿನಿಂದಲೇ ತೆಗೆದು, ಒಂದು ಪ್ರೋಟಾನಿನ ಐದನೇ ಒಂದು ಭಾಗದಷ್ಟು ತೂಕ ಕಳೆಯುತ್ತದೆಂದು ಕಂಡುಕೊಂಡರು. ಅದೂ 200. ಐನ್‌ಸ್ಟೈನರ ಸಮೀಕರಣ ಬಂದದ್ದು ಹೀಗೆ, ತಾಳೆ ನೋಡುವುದಕ್ಕೆ. ಇಬ್ಬರ ಲೇಖನ 1939ರ ಫೆಬ್ರುವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ರಸಾಯನವಿಜ್ಞಾನದ 1944ರ ನೊಬೆಲ್ ಮಾತ್ರ ಹಾನ್ ಒಬ್ಬರಿಗೇ ಸಂದಿತು. ಮೈಟ್ನರ್‌ಗೆ ಆದ ಆ ಅನ್ಯಾಯಕ್ಕೆ 109ನೇ ಧಾತುವಿಗೆ ಅವರ ಹೆಸರಿಟ್ಟದ್ದು ಸಣ್ಣ ಸಮಾಧಾನ.

ರಿಯಾಕ್ಟರಿನಲ್ಲಿ ಕೆಲಸ ಮಾಡುವುದೂ ಇದೇ ವಿಕರ್ಷಣೆ. ಸಿಡಿದ ತುಂಡುಗಳು ಸೆಕೆಂಡಿಗೆ ಹತ್ತು ಸಾವಿರ ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಇಂಧನದೊಳಗೇ ಬಡಿದು ನಿಲ್ಲುತ್ತವೆ. ಆ ಶಾಖಕ್ಕೆ ನೀರು ಆವಿಯಾಗುತ್ತದೆ.

ಇದೇ 3/5ರ ವಿದ್ಯುತ್ ಶಕ್ತಿ ಧಾತುಗಳ ಪಟ್ಟಿಗೂ ಮಿತಿ ಹಾಕುತ್ತದೆ. 1939ರಲ್ಲಿ ನೀಲ್ಸ್ ಬೋರ್ ಮತ್ತು ಜಾನ್ ವೀಲರ್ ತೋರಿಸಿದಂತೆ, ಪ್ರೋಟಾನ್ ಸಂಖ್ಯೆಯ ವರ್ಗವನ್ನು ಒಟ್ಟು ಕಣಗಳ ಸಂಖ್ಯೆಯಿಂದ ಭಾಗಿಸಿದಾಗ ಉತ್ತರ 50ರ ಹತ್ತಿರ ಬಂದರೆ ಹನಿ ತಾನಾಗಿ ಒಡೆಯಬೇಕು. ಯುರೇನಿಯಂಗೆ ಅದು 36. 118ನೇ ಧಾತು ಒಗನೆಸ್ಸಾನ್‌ಗೆ 47. ಅದರ ಆಯುಷ್ಯ ಒಂದು ಮಿಲಿಸೆಕೆಂಡೂ ಇಲ್ಲ.