ಈಜು ಮೇಷ್ಟ್ರ ಶಾಸ್ತ್ರಪೀಠ

ರಾಜ್ಯಶಾಸ್ತ್ರ ಎಂದರೆ ನನಗೆ ಪಿಯುಸಿಯ ದಪ್ಪ ನೋಟ್ಸು, ಪ್ಲೇಟೋ, ಅರಿಸ್ಟಾಟಲ್, ಹತ್ತು ಅಂಕದ ಪ್ರಶ್ನೆ, ಅಷ್ಟೇ. ಇದನ್ನು ಕಲಿಸುವುದೇ ಒಂದು ಕಸುಬಾದದ್ದು ಯಾವಾಗ ಎಂದು ಸುಮ್ಮನೆ ಕೆದಕುತ್ತ ಹೋದೆ. ಸಿಕ್ಕಿದ್ದು ಯಾರು ಗೊತ್ತೇ? ಒಬ್ಬ ಈಜು ಮೇಷ್ಟ್ರು!

ಹೆಸರು ಫ್ರಾನ್ಸಿಸ್ ಲೀಬರ್, ಬರ್ಲಿನ್ನಿನ ಹುಡುಗ. ಮೀಸೆ ಚಿಗುರುವ ವಯಸ್ಸಿಗೇ, 1815ರಲ್ಲಿ, ನೆಪೋಲಿಯನ್ನನ ಸೈನ್ಯದ ಎದುರು ನಿಂತು ನಮೂರ್ ಬಳಿ ಗಾಯಗೊಂಡ. ಮನೆಗೆ ಬಂದರೆ ಉದಾರವಾದಿಗಳ ಸಹವಾಸವೆಂದು ಪ್ರಷ್ಯದ ಪೊಲೀಸರು ಜೈಲಿಗೆ ಹಾಕಿದರು. ಗ್ರೀಕರ ಸ್ವಾತಂತ್ರ್ಯಕ್ಕೆ ಹೋರಾಡುತ್ತೇನೆಂದು ಹೊರಟ. ಮರಳಿದಾಗ ಮತ್ತೆ ಜೈಲು. ಕೊನೆಗೆ ಇಂಗ್ಲೆಂಡಿಗೆ ಪರಾರಿ. ಅಲ್ಲಿಂದ 1827ರಲ್ಲಿ ಬಾಸ್ಟನ್ನಿಗೆ, ವ್ಯಾಯಾಮಶಾಲೆ ನಡೆಸಲು, ಈಜು ಕಲಿಸಲು! ಆ ಈಜುಶಾಲೆಯ ಸೋಜಿಗ ನೋಡಲು ಅಮೆರಿಕದ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಖುದ್ದು ಬಂದಿದ್ದರಂತೆ.

ಅದೇ ಮೇಷ್ಟ್ರು ವಿಶ್ವಕೋಶ ಸಂಪಾದಿಸಿದರು. ದಕ್ಷಿಣ ಕೆರೊಲಿನಾದ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದರು. ನಾಗರಿಕ ಸ್ವಾತಂತ್ರ್ಯದ ಮೇಲೆ ಗ್ರಂಥ ಬರೆದರು, ಮನೆಯಲ್ಲಿ ಗುಲಾಮರನ್ನೂ ಇಟ್ಟುಕೊಂಡಿದ್ದರು! (ಇಲ್ಲಿ ನನ್ನ ಬೆರಗು ಸ್ವಲ್ಪ ಕಹಿಯಾಯಿತು.) 1857ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜು ಅವರನ್ನು ಕರೆಸಿಕೊಂಡು ಇತಿಹಾಸ ಮತ್ತು ರಾಜ್ಯಶಾಸ್ತ್ರದ ಪ್ರಾಧ್ಯಾಪಕರನ್ನಾಗಿಸಿತು. ಆ ದೇಶದಲ್ಲಿ ರಾಜ್ಯಶಾಸ್ತ್ರದ ಮೊದಲ ಪ್ರಾಧ್ಯಾಪಕರೆಂದು ಹೆಸರಾದವರು ಇವರೇ.

ನಾಲ್ಕೇ ವರ್ಷಕ್ಕೆ ಅಮೆರಿಕದ ದಕ್ಷಿಣ, ಉತ್ತರ ರಾಜ್ಯಗಳ ನಡುವೆ ಅಂತರ್ಯುದ್ಧ. ಹಿರಿಯ ಮಗ ಆಸ್ಕರ್ ದಕ್ಷಿಣದ ಪರ ಕಾದಿ 1862ರಲ್ಲಿ ಸತ್ತ. ಇನ್ನೊಬ್ಬ ಮಗ ಹ್ಯಾಮಿಲ್ಟನ್ ಅದೇ ವರ್ಷ ಉತ್ತರದ ಪರ ಕಾದಿ ಒಂದು ತೋಳು ಕಳೆದುಕೊಂಡ. ಅಂಥ ಮನೆಯ ತಂದೆ ಕೂತು, ಸೆರೆಸಿಕ್ಕವರನ್ನು ಹೇಗೆ ನಡೆಸಿಕೊಳ್ಳಬೇಕು, ಯುದ್ಧದಲ್ಲಿ ಏನೇನು ಮಾಡಕೂಡದು ಎಂದು 157 ಕಲಮುಗಳ ಸಂಹಿತೆ ಬರೆದರು! ಲಿಂಕನ್ ಸರ್ಕಾರ ಅದನ್ನು 1863ರ ಏಪ್ರಿಲ್ 24ರಂದು ಜಾರಿಗೊಳಿಸಿತು. ಮುಂದೆ ಯುದ್ಧನಿಯಮಗಳ ಹೇಗ್ ಒಪ್ಪಂದಗಳಿಗೆ ಬುನಾದಿಯಾದದ್ದು ಅದೇ.

ಅದೇ 1863ರ ಜನವರಿಯಲ್ಲಿ, ಅದೇ ಯುದ್ಧದಲ್ಲಿ, ಟೆನೆಸ್ಸಿಯಲ್ಲಿ ಹದಿನೆಂಟರ ಸಿಪಾಯಿಯೊಬ್ಬ ರಾತ್ರಿ ಪಹರೆ ನಿಂತಿದ್ದ. ಸುತ್ತ ಗಾಯಾಳುಗಳ ನರಳಾಟ. ಮನುಷ್ಯರು ತಮ್ಮ ಜಗಳವನ್ನು ರಕ್ತ ಹರಿಸದೆ ಬುದ್ಧಿಯಿಂದ ತೀರಿಸಿಕೊಳ್ಳಲಾರರೇ ಎಂಬ ಯೋಚನೆ ಅಂದು ಹೊಕ್ಕದ್ದು ತಲೆಯಿಂದ ಇಳಿಯಲೇ ಇಲ್ಲವೆಂದು ಆತ ಮುಪ್ಪಿನಲ್ಲಿ ನೆನಪಿಸಿಕೊಂಡ. ಆತನೇ ಜಾನ್ ಬರ್ಜೆಸ್. ಯುದ್ಧ ಮುಗಿದ ಮೇಲೆ ಓದಲು ಹೋದದ್ದೆಲ್ಲಿಗೆ? ಜರ್ಮನಿಗೆ, ಲೀಬರ್ ತಪ್ಪಿಸಿಕೊಂಡು ಬಂದ ಬರ್ಲಿನ್ನಿಗೂ! ಅಲ್ಲಿನ ಸೆಮಿನಾರ್ ಪದ್ಧತಿಯನ್ನು ಕೊಲಂಬಿಯಾಕ್ಕೆ ತಂದು, 1880ರಲ್ಲಿ ರಾಜ್ಯಶಾಸ್ತ್ರಕ್ಕೆಂದೇ ಒಂದು ಶಾಲೆ ತೆರೆದರು. ಪಿಎಚ್‌ಡಿ, ಆಮೇಲೆ 1886ರಲ್ಲಿ ಸ್ವಂತ ಪತ್ರಿಕೆ. 1903ರ ಡಿಸೆಂಬರಿನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ರಾಜ್ಯಶಾಸ್ತ್ರಜ್ಞರ ಸಂಘವೂ ಹುಟ್ಟಿತು. ಮೊದಲ ಅಧ್ಯಕ್ಷ ಕೊಲಂಬಿಯಾದವರೇ ಆದ ಫ್ರಾಂಕ್ ಗುಡ್‌ನೌ. ಕಸುಬು ಕುದುರಿತು.

ಆದರೆ ಈ ಬರ್ಜೆಸ್, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರಿಗೆ ಮತ ಕೊಟ್ಟದ್ದೇ ತಪ್ಪೆಂದು ಬರೆದ ಮನುಷ್ಯ. 1912ರಲ್ಲಿ ನಿವೃತ್ತರಾದರು. ಮರುವರ್ಷ, 1913ರಲ್ಲಿ, ಅವರು ಕಟ್ಟಿದ ಅದೇ ರಾಜ್ಯಶಾಸ್ತ್ರ ವಿಭಾಗಕ್ಕೆ ಬರೋಡಾ ಮಹಾರಾಜರ ವಿದ್ಯಾರ್ಥಿವೇತನ ಹಿಡಿದು ಇಪ್ಪತ್ತೆರಡರ ತರುಣನೊಬ್ಬ ಬಂದು ಹೆಸರು ಬರೆಸಿದ: ಭೀಮರಾವ್ ಅಂಬೇಡ್ಕರ್.