ಮೆಣಸಿಗೆ ಬೇಲಿಯೊಂದೇ ಸಾಕೇ?

2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣ ಉದ್ಘಾಟನೆಯಾಯ್ತು. 3.2 ಕಿಲೋಮೀಟರ್ ಉದ್ದದ ರನ್‌ವೇ ನೋಡಿದವರಿಗೆ, ಇನ್ನು ಮಲೆನಾಡಿನ ಬೆಳೆ ನೇರವಾಗಿ ವಿದೇಶಕ್ಕೆ ಹೋಗುತ್ತೆ ಅನ್ನೋ ಆಸೆ ಹುಟ್ಟಿದ್ದು ಸಹಜ. ಹೋಗಲಿ ಅಂತಲೇ ನನ್ನ ಆಸೆಯೂ. ಆದ್ರೆ ಈ ಭಾಗದ ಅಡಕೆ ಮರಕ್ಕೆ ಹಬ್ಬಿಸಿರುವ ಕಾಳುಮೆಣಸಿನ ಬಳ್ಳಿಯ ಕೆಳಗೆ ನಿಂತು ಒಂದು ಪ್ರಶ್ನೆ ಕೇಳಿಕೊಳ್ಳೋಣ. ಮೆಣಸು ಹೋಗೋದು ಹಡಗಿನಲ್ಲಿ. ದಾರಿ ನಮಗೆ ಶತಮಾನಗಳಿಂದ ಇದೆ. ಹಾಗಾದ್ರೆ ಕೊರತೆ ಇರೋದು ಎಲ್ಲಿ?

ಪಕ್ಕದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು 16ನೇ ಶತಮಾನದಲ್ಲಿ ಪೋರ್ಚುಗೀಸರು ಕರೆದದ್ದೇ ‘ಮೆಣಸಿನ ರಾಣಿ’ ಅಂತ. ಅಂಥ ನಾಡಿನ ಮೆಣಸನ್ನು ಇವತ್ತು ಜಾಗತಿಕ ಮಾರುಕಟ್ಟೆಯಲ್ಲಿ ಹಿಂದಿಕ್ಕಿರೋದು ವಿಯೆಟ್ನಾಂ. ಜಗತ್ತಿನಲ್ಲಿ ಅತಿ ಹೆಚ್ಚು ಮೆಣಸು ಬೆಳೆಯೋದೂ ಅವರೇ, ರಫ್ತು ಮಾಡೋದೂ ಅವರೇ.

ಅವರ ಮೆಣಸು ನಮ್ಮದಕ್ಕಿಂತ ರುಚಿಯೇ? ಅಲ್ಲ. ಮಲಬಾರ್ ಮೆಣಸಿನ ಘಾಟು, ಪರಿಮಳಕ್ಕೆ ಇಂದಿಗೂ ಹೆಸರಿದೆ. ಅವರು ಗೆದ್ದಿದ್ದು ಇಳುವರಿಯಲ್ಲಿ. ಅಲ್ಲಿ ಮೆಣಸೇ ಮುಖ್ಯ ಬೆಳೆ, ಎಕರೆಗೆ ನಮ್ಮ ಹಲವು ಪಟ್ಟು ಫಸಲು. ನಮ್ಮಲ್ಲಿ ಮೆಣಸು ಅಡಕೆ, ಕಾಫಿ ತೋಟಕ್ಕೆ ಬಂದ ನೆಂಟ. ಅದರ ಮೇಲೆ ಸೊರಗು ರೋಗದ ಕಾಟ ಬೇರೆ. ಹಾಗಾಗಿ ಕಡಿಮೆ ಬೆಲೆಗೆ ಮಾರೋ ಪಂದ್ಯದಲ್ಲಿ ನಾವು ಗೆಲ್ಲೋದು ಕಷ್ಟ.

ಸರ್ಕಾರ ಏನು ಮಾಡಿತು? 2017ರ ಡಿಸೆಂಬರ್‌ನಲ್ಲಿ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಅಂದ್ರೆ ಅದಕ್ಕಿಂತ ಅಗ್ಗದ ಮೆಣಸು ನಮ್ಮ ಬಂದರಿಗೆ ಬರಬಾರದು. ಬೆಳೆಗಾರನಿಗೆ ಇದು ಬೇಕಾಗಿತ್ತು, ನಾನು ಒಪ್ತೀನಿ. ಆದ್ರೆ ಬೇಲಿ ಕಾಯೋದು ನಮ್ಮ ತೋಟವನ್ನು ಮಾತ್ರ. ಹೊರಗಿನ ಸಂತೆಯಲ್ಲಿ ನಮ್ಮ ಮಾಲು ಮಾರಿಕೊಡೋ ಶಕ್ತಿ ಬೇಲಿಗಿಲ್ಲ. ಅಲ್ಲಿ ನಡೆಯೋದು ಗುಣಮಟ್ಟ ಒಂದೇ.

ನಾನು ಓದಿದ್ದು ಎಂಜಿನಿಯರಿಂಗ್. ಅಲ್ಲಿ ಕಲಿಸಿದ ಮೊದಲ ಪಾಠ: ಅಳೆಯದಿದ್ದರೆ ಅದು ಗುಣಮಟ್ಟವಲ್ಲ, ಬರೀ ಹೊಗಳಿಕೆ. ಮೆಣಸಿಗೂ ಅಳತೆ ಇದೆ. ಒಂದು ಲೀಟರ್ ಪಾತ್ರೆಗೆ ಕಾಳು ತುಂಬಿ ತೂಗಬೇಕು. ಜೊಳ್ಳಿದ್ದರೆ ತೂಕ ಇಳಿಯುತ್ತೆ, ಗಟ್ಟಿ ಕಾಳಿದ್ದರೆ ಏರುತ್ತೆ. ವಿಯೆಟ್ನಾಂನವರು ಲೀಟರಿಗೆ 500 ಗ್ರಾಂ, 550 ಗ್ರಾಂ ಅಂತ ದರ್ಜೆ ಹೇಳಿ, ಎರಡಕ್ಕೂ ಬೇರೆ ಬೇರೆ ಬೆಲೆ ಇಡ್ತಾರೆ. ನಮ್ಮ ರಫ್ತುದಾರರಿಗೂ ಈ ಲೆಕ್ಕ ಚೆನ್ನಾಗಿ ಗೊತ್ತು. ಆದ್ರೆ ಹಳ್ಳಿಯ ಅಂಗಡಿಯಲ್ಲಿ ಬಹಳ ಸಲ ಗಟ್ಟಿ ಕಾಳು, ಜೊಳ್ಳು, ಹಸಿ ಕಾಳು ಎಲ್ಲವೂ ಒಂದೇ ಚೀಲಕ್ಕೆ, ಒಂದೇ ಬೆಲೆಗೆ.

ಈಗ ಬೆಳೆಗಾರನ ಜಾಗದಲ್ಲಿ ನಿಂತು ನೋಡಿ. ಬಿಡಿಸಿದ ಕಾಳನ್ನು ಒಂದು ನಿಮಿಷ ಕುದಿಯುವ ನೀರಿಗೆ ಅದ್ದಿ ತೆಗೆದರೆ ಬೇಗ ಒಣಗುತ್ತೆ, ಬಣ್ಣವೂ ಒಂದೇ ಸಮನೆ ಕಪ್ಪಾಗುತ್ತೆ. ಮಣ್ಣಿನ ಅಂಗಳದ ಬದಲು ಟಾರ್ಪಾಲು ಹಾಸಿದರೆ ಧೂಳು, ಕೊಳೆ ಸೇರಲ್ಲ. ಸರಿಯಾಗಿ ಒಣಗಿದರೆ ಬೂಷ್ಟು ಹಿಡಿಯಲ್ಲ. ಆದ್ರೆ ಒಣಗಿದಷ್ಟೂ ತೂಕ ಇಳಿಯುತ್ತೆ! ಬೆಲೆ ಒಂದೇ ಆದಾಗ, ಚೆನ್ನಾಗಿ ಒಣಗಿಸಿದವನಿಗೇ ನಷ್ಟ. ಹೀಗಿದ್ದ ಮೇಲೆ ಯಾರು ಒಣಗಿಸ್ತಾರೆ ಸ್ವಾಮಿ?

ನಿರ್ಲಕ್ಷ್ಯದ ಬೆಲೆಯನ್ನೂ ನಾವು ಕಂಡಿದ್ದೇವೆ. 2012ರ ಕೊನೆಯಲ್ಲಿ ಕೊಚ್ಚಿಯ ಗೋದಾಮುಗಳಲ್ಲಿದ್ದ ಸಾವಿರಾರು ಟನ್ ಮೆಣಸಿಗೆ ಆಹಾರ ಸುರಕ್ಷತಾ ಅಧಿಕಾರಿಗಳು ಬೀಗಮುದ್ರೆ ಹಾಕಿದರು. ಕಾಳು ಮಿನುಗಲಿ ಅಂತ ಖನಿಜ ತೈಲ ಬಳಸಿದ್ದಾರೆ ಅನ್ನೋದು ಆರೋಪ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್, ಸಿಂಗಾಪುರಗಳು ಎಥಿಲೀನ್ ಆಕ್ಸೈಡ್ ಕಾರಣಕ್ಕೆ ಭಾರತದ ಕೆಲವು ಮಸಾಲೆ ಪುಡಿಗಳ ವಿರುದ್ಧ ಕ್ರಮ ಕೈಗೊಂಡವು. ತಪ್ಪು ಯಾರದೇ ಇರಲಿ, ಕೆಟ್ಟ ಹೆಸರು ಅಂಟಿಕೊಳ್ಳೋದು ಇಡೀ ದೇಶದ ಮಾಲಿಗೆ.

ಹಾಗಂತ ವಿಯೆಟ್ನಾಂ ರೈತ ನಮ್ಮ ಶತ್ರು ಅಲ್ಲ. ಅವನೂ ಬೆಲೆ ಕುಸಿದು, ರೋಗ ಬಂದು, ಬಳ್ಳಿ ಕಿತ್ತು ಡ್ಯೂರಿಯನ್ ಹಣ್ಣಿನ ಗಿಡ ನೆಟ್ಟಿದ್ದಾನೆ. ಇಬ್ಬರೂ ಬೆಲೆ ಇಳಿಸುತ್ತಾ ಹೋದರೆ ಲಾಭ ಕೊಳ್ಳುವವನಿಗೆ ಮಾತ್ರ.

ಆದ್ದರಿಂದ ನಮ್ಮ ಬೇಡಿಕೆ ಆಮದು ತಡೆಯಿರಿ ಅನ್ನೋದಕ್ಕೇ ನಿಲ್ಲಬಾರದು. ಪ್ರತಿ ಸಹಕಾರ ಸಂಘದಲ್ಲಿ ಒಂದು ತೇವಾಂಶ ಮಾಪಕ, ಒಂದು ಲೀಟರ್ ಪಾತ್ರೆ, ಗೋಡೆಯ ಮೇಲೆ ದರ್ಜೆವಾರು ಬೆಲೆಪಟ್ಟಿ. ಇಷ್ಟಕ್ಕೆ ವಿಮಾನ ನಿಲ್ದಾಣದಷ್ಟು ಖರ್ಚಾಗಲ್ಲ. ಅಂಗಳದಲ್ಲಿ ಪಟ್ಟ ಶ್ರಮಕ್ಕೆ ಅಂಗಡಿಯಲ್ಲಿ ಕಾಸು ಸಿಕ್ಕ ದಿನ ಗುಣಮಟ್ಟ ತಾನಾಗೇ ಬರುತ್ತೆ. ಏನಂತೀರಿ?